ಹಾಡಿಕೆಯ ಅನುಕ್ರಮವೂ ಸಂಖ್ಯಾಶಾಸ್ತ್ರವೂ

೧

ಕಾವ್ಯವನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಗ್ರಂಥವೊಂದನ್ನು ಎದುರಿಗಿಟ್ಟುಕೊಂಡು ವಿಚಾರಕ್ಕೆ ತೊಡಗುವರು. ಗ್ರಂಥದಲ್ಲಿ ಮೊದಲನೆಯ ಪದ್ಯವು ಎಂದಿಗೂ ಮೊದಲನೆಯದೆ; ಕಡೆಯದು ಎಂದಿಗೂ ಕಡೆಯದೆ. ಪಂಪಭಾರತದ ಆಶ್ವಾಸಗಳು ಇಂದು ಒಂದು ಕ್ರಮದಲ್ಲಿ, ನಾಳೆ ಮತ್ತೊಂದು ಕ್ರಮದಲ್ಲಿ ನಮ್ಮ ಮುಂದೆ ನಿಲ್ಲುವುದಿಲ್ಲ. ಹಾಡಿಕೆಯ ವಿಷಯ ಹಾಗಲ್ಲ. ಹಿರಿಯೂರು ಸೀಮೆಯ ಗೊಲ್ಲರಹಟ್ಟಿಯಲ್ಲಿ ಗಣೆಯನ್ನು ಹಿಡಿದು ಜುಂಜಪ್ಪನ ಕಥೆಗೆ ತೊಡಗುವ ಗಾಯಕನು, ಈ ರಾತ್ರಿ ಯಾವ ಭಾಗವನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬೆಳೆಸಬೇಕು, ಯಾವುದನ್ನು ನಾಲ್ಕು ಮಾತಿನಲ್ಲಿ ದಾಟಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹಾಡುತ್ತಿರುವಾಗಲೇ ನಿಶ್ಚಯಿಸುವನು. ಹೊಳಲ್ಕೆರೆಯ ಕಡೆಯ ಹಳ್ಳಿಯಲ್ಲಿ ಭಜನೆಗೆ ಕುಳಿತವರು ಒಂದು ತತ್ತ್ವಪದ ಮುಗಿಯುವ ಮೊದಲೇ ಮುಂದಿನದು ಯಾವುದೆಂದು ಕಣ್ಸನ್ನೆಯಿಂದ ಗೊತ್ತುಮಾಡಿಕೊಳ್ಳುವರು. ಈ ನಿಶ್ಚಯಗಳೆಲ್ಲ ಸೇರಿಯೇ ಆ ರಾತ್ರಿಯ ಕೃತಿಯಾಗುತ್ತದೆ. ಹಾಡುಗಳು ಹಳೆಯವಾದರೂ ಅವುಗಳ ಜೋಡಣೆಯು ಹೊಸದು. ಹಾಡು ಪರಂಪರೆಯದಾದರೂ ಜೋಡಣೆಯು ಹಾಡುವವರದು.

ಈ ಜೋಡಣೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಬಗೆ ಯಾವುದು, ಅದರಲ್ಲಿ ಎಣಿಕೆಗೂ ನಕ್ಷೆಗೂ ಎಷ್ಟರಮಟ್ಟಿನ ಅಧಿಕಾರವಿದೆ, ನಮ್ಮ ಜಾನಪದ ಸಂಕಲನಗಳು ಅಂಥ ಪರಿಶೀಲನೆಗೆ ಅವಕಾಶ ಕೊಡುತ್ತವೆಯೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬೇಕೆಂದು ಉದ್ದೇಶಿಸಿದೆ.

ಎಣಿಕೆಯ ಹೆಸರನ್ನು ಎತ್ತಿದೊಡನೆಯೇ ಸಾಹಿತ್ಯದ ಅಧ್ಯಾಪಕರಲ್ಲಿ ಕೆಲವರು ಮುಖ ತಿರುಗಿಸುವುದುಂಟು. ಆದರೆ ಎಣಿಕೆಯು ನಮ್ಮ ಕಾವ್ಯಶಾಸ್ತ್ರಕ್ಕೆ ಹೊರಗಿನಿಂದ ಬಂದುದಲ್ಲ. ನಾಗವರ್ಮನ ‘ಛಂದೋಂಬುಧಿ’ಯೇ ಮೊದಲಾದ ಗ್ರಂಥಗಳಲ್ಲಿ ನಿರೂಪಿತವಾಗಿರುವ ಪ್ರಸ್ತಾರಕ್ರಮವು ಗುರುಲಘುಗಳ ಎಲ್ಲ ವಿನ್ಯಾಸಗಳನ್ನೂ ತಪ್ಪದೆ ಎಣಿಸುವ ಗಣಿತವಲ್ಲದೆ ಮತ್ತೇನು? ನಾಲ್ಕು ಅಕ್ಷರಗಳ ಪಾದಕ್ಕೆ ಹದಿನಾರು ರೂಪಗಳುಂಟೆಂದು ಲೆಕ್ಕಹಾಕಿದವರು ಕಾವ್ಯದ ಶತ್ರುಗಳಾಗಿರಲಿಲ್ಲ. ಪಶ್ಚಿಮದಲ್ಲಿಯೂ ರಷ್ಯಾದೇಶದ ಗಣಿತಜ್ಞ ಮಾರ್ಕೋವನು ೧೯೧೩ರಲ್ಲಿ ಪುಷ್ಕಿನ್ ಕವಿಯ ‘ಯೆವ್ಗೇನಿ ಅನೇಗಿನ್’ ಕಾವ್ಯದ ೨೦,೦೦೦ ಅಕ್ಷರಗಳನ್ನು ತೆಗೆದುಕೊಂಡು, ಸ್ವರದ ಹಿಂದೆ ಸ್ವರವೂ ವ್ಯಂಜನದ ಹಿಂದೆ ವ್ಯಂಜನವೂ ಎಷ್ಟುಸಲ ಬರುವುದೆಂದು ಎಣಿಸಿದನು. ‘ಇದಾದಮೇಲೆ ಯಾವುದು’ ಎಂಬ ಪ್ರಶ್ನೆಯನ್ನು ಗಣಿತದ ಮಾತಿನಲ್ಲಿ ಕೇಳುವ ಮಾರ್ಗವು ಹೀಗೆ ಒಂದು ಕಾವ್ಯದ ಪುಟಗಳ ಮೇಲೆಯೇ ತೆರೆಯಿತು. ಹಾಡಿನ ಅನುಕ್ರಮವನ್ನು ಕುರಿತ ನಮ್ಮ ಪ್ರಶ್ನೆಯೂ ಅದೇ ಜಾತಿಗೆ ಸೇರಿದುದು.

೨

ಹಾಡಿಕೆಯ ಅನುಕ್ರಮವನ್ನು ಅತ್ಯಂತ ಶ್ರದ್ಧೆಯಿಂದ ಎಣಿಸಿರುವವರು ಅಮೆರಿಕದ ಸಾಮಾನ್ಯ ಶ್ರೋತೃಗಳೆಂಬುದು ವಿಸ್ಮಯಕರವಾದರೂ ನಿಜ. ಅಲ್ಲಿ ‘ಜ್ಯಾಮ್ ಬ್ಯಾಂಡ್’ ಎಂದು ಕರೆಯಲ್ಪಡುವ ವಾದ್ಯಗೋಷ್ಠಿಗಳುಂಟು. ಗೊತ್ತಾದ ಹಾಡೊಂದನ್ನು ಆಧಾರವಾಗಿ ಹಿಡಿದು ಸಭೆಯಲ್ಲಿಯೇ ಮನೋಧರ್ಮದಿಂದ ಅದನ್ನು ವಿಸ್ತರಿಸುವುದೂ, ಒಂದು ರಾತ್ರಿ ಹಾಡಿದ ಪಟ್ಟಿಯನ್ನು ಮರುರಾತ್ರಿ ಹಾಗೆಯೇ ಹಾಡದಿರುವುದೂ ಅವುಗಳ ಲಕ್ಷಣ. ಈ ವರ್ಗದ ಮೂಲಪುರುಷರೆನ್ನಬಹುದಾದ ‘ಗ್ರೇಟ್‌ಫುಲ್ ಡೆಡ್’ ಎಂಬವರು ೧೯೬೫ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಟ್ಟುಗೂಡಿ, ತಮ್ಮಲ್ಲಿ ಪ್ರಮುಖನಾದ ಜೆರ್ರಿ ಗಾರ್ಸಿಯನು ೧೯೯೫ರ ಆಗಸ್ಟ್ ೯ರಂದು ತೀರಿಕೊಳ್ಳುವವರೆಗೆ ಸುಮಾರು ೨,೩೦೦ ಕಚೇರಿಗಳನ್ನು ನಡೆಸಿದರು. ಶ್ರೋತೃಗಳು ಪ್ರತಿ ರಾತ್ರಿಯ ಹಾಡುಗಳನ್ನು ಕ್ರಮವಾಗಿ ಬರೆದಿಟ್ಟುಕೊಂಡರು. ಧ್ವನಿಸುರುಳಿಗಳಲ್ಲಿ ಹಿಡಿದು ತಮ್ಮತಮ್ಮಲ್ಲಿ ಹಂಚಿಕೊಂಡರು. ೧೯೮೪ರಿಂದ ತಂಡದವರೇ ಧ್ವನಿಮುದ್ರಕರಿಗೆ ಸಭಾಂಗಣದಲ್ಲಿ ಬೇರೆ ಜಾಗವನ್ನು ಬಿಟ್ಟುಕೊಟ್ಟರು. ೧೯೮೭ರಲ್ಲಿ ‘ಡೆಡ್‌ಬೇಸ್’ ಎಂಬ ಹೆಸರಿನಿಂದ ಈ ಪಟ್ಟಿಗಳು ಗ್ರಂಥರೂಪವಾಗಿ ಹೊರಬಿದ್ದುವು. ತಂಡದ ದಾಖಲೆಗಳು ಈಗ ಸಾಂತಾಕ್ರೂಜ್‌ನಲ್ಲಿರುವ ವಿಶ್ವವಿದ್ಯಾನಿಲಯದ ಗ್ರಂಥಭಂಡಾರವನ್ನು ಸೇರಿವೆ.

ಇಂತಹ ಪಟ್ಟಿಗಳು ಕೈಗೆ ಬಂದಮೇಲೆ ನಾಲ್ಕು ಬಗೆಯ ಎಣಿಕೆಗಳು ಸಾಧ್ಯವಾಗುತ್ತವೆ. ಒಂದು ಹಾಡು ಒಟ್ಟು ಎಷ್ಟುಸಲ ಬಂದಿತೆಂಬುದು ಆವೃತ್ತಿ. ಒಮ್ಮೆ ಬಂದಮೇಲೆ ಮತ್ತೆ ಬರುವುದಕ್ಕೆ ಮುನ್ನ ಎಷ್ಟು ರಾತ್ರಿಗಳು ಕಳೆದುವೆಂಬುದು ಅಂತರ. ರಾತ್ರಿಯ ಮೊದಲಲ್ಲಿಯೊ ನಡುವೆಯೊ ಕಡೆಯಲ್ಲಿಯೊ ಬರುವುದೆಂಬುದು ಸ್ಥಾನ. ಯಾವ ಹಾಡಿನ ಬೆನ್ನಿಗೆ ಯಾವುದು ಬರುವುದೆಂಬುದು ಸಾಂಗತ್ಯ. ಇವುಗಳನ್ನು ನಕ್ಷೆಗೆ ಇಳಿಸುವ ರೀತಿಯೂ ಸರಳವಾದುದು. ಅಡ್ಡಗೆರೆಯ ಮೇಲೆ ರಾತ್ರಿಗಳನ್ನೂ ನಿಲುಗೆರೆಯ ಮೇಲೆ ಹಾಡುಗಳನ್ನೂ ಗುರುತಿಸಿ, ಯಾವ ರಾತ್ರಿ ಯಾವ ಹಾಡು ಬಂದಿತೊ ಆ ಮನೆಯಲ್ಲಿ ಒಂದು ಚುಕ್ಕೆಯನ್ನಿಡುವುದು. ಚುಕ್ಕೆಗಳು ಒಂದೇ ಸಾಲಿನಲ್ಲಿ ಎಡೆಬಿಡದೆ ನಡೆದರೆ ಅದು ಕಟ್ಟಳೆ. ಚದುರಿ ಬಿದ್ದಿದ್ದರೆ ಅದು ಆಯ್ಕೆ. ಒಂದು ಕಡೆ ನಿಂತುಹೋಗಿ ಮುಂದೆ ಎಲ್ಲಿಯೂ ಕಾಣದಿದ್ದರೆ ಅದು ತೊರೆತ ಅಥವಾ ಮರೆವು. ನೂರು ಪುಟಗಳ ಪಟ್ಟಿಯಲ್ಲಿ ಕಣ್ಣಿಗೆ ಬೀಳದ ಸಂಗತಿಯು ಒಂದು ಹಾಳೆಯ ನಕ್ಷೆಯಲ್ಲಿ ಎದ್ದುಕಾಣುವುದು.

ಆದರೆ ಎಣಿಕೆಯು ತಾನಾಗಿ ಏನನ್ನೂ ಹೇಳದು. ಎಣಿಸಿದ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇಲ್ಲಿ ಅಳತೆಗೋಲಾಗತಕ್ಕದ್ದು ಆಕಸ್ಮಿಕವೇ. ಊಹೆಗಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಮೇಳಕ್ಕೆ ೪೦ ಹಾಡುಗಳು ಬರುತ್ತವೆ. ಅವರು ರಾತ್ರಿಗೆ ೧೦ರಂತೆ ಹಾಡುವರು. ಚೀಟಿ ಎತ್ತಿದಂತೆ ಹಾಡುಗಳನ್ನು ಆರಿಸಿಕೊಂಡಿದ್ದರೆ, ಇಂದಿನ ಹತ್ತರಲ್ಲಿ ಸರಾಸರಿ ಎರಡೂವರೆ ಹಾಡುಗಳು ನಾಳೆಯೂ ಬರಬೇಕು. ಒಂದೂ ಮರಳಿ ಬಾರದಿರುವ ಸಂಭವವು ನೂರಕ್ಕೆ ಮೂರೂವರೆಯಷ್ಟು ಮಾತ್ರ. ಹೀಗಿರಲು, ಇಪ್ಪತ್ತು ರಾತ್ರಿಗಳ ಪಟ್ಟಿಯಲ್ಲಿ ಹಿಂದಿನ ರಾತ್ರಿಯ ಒಂದು ಹಾಡೂ ಮರುರಾತ್ರಿ ಬಂದಿಲ್ಲವೆಂದಾದರೆ, ಅದು ಆಕಸ್ಮಿಕವಲ್ಲ, ಹಾಡುವವರ ಸಂಕಲ್ಪವೆಂದು ನಿಸ್ಸಂದೇಹವಾಗಿ ಹೇಳಬಹುದು. ‘ಫಿಷ್’ ಎಂಬ ಮತ್ತೊಂದು ಅಮೆರಿಕನ್ ತಂಡದವರು ೨೦೧೭ರಲ್ಲಿ ನ್ಯೂಯಾರ್ಕ್ ನಗರದ ಒಂದೇ ಸಭಾಂಗಣದಲ್ಲಿ ೧೩ ರಾತ್ರಿಗಳು ಹಾಡಿ, ೨೩೭ ಹಾಡುಗಳಲ್ಲಿ ಒಂದನ್ನೂ ಎರಡನೆಯ ಸಲ ಎತ್ತಿಕೊಳ್ಳಲಿಲ್ಲ. ಇದು ಸಂಕಲ್ಪವೆಂದು ತಿಳಿಯಲು ಗಣಿತವೂ ಬೇಡ. ಸಂಕಲ್ಪವು ಇಷ್ಟು ಢಾಳಾಗಿ ಕಾಣದ ಕಡೆಗಳಲ್ಲಿಯೇ ಗಣಿತದ ಸಹಾಯವು ಬೇಕಾಗುವುದು.

ಅದೇ ಉದಾಹರಣೆಯು ಎಚ್ಚರಿಕೆಯ ಪಾಠವನ್ನೂ ಕಲಿಸುತ್ತದೆ. ಚೀಟಿಯ ಕ್ರಮದಲ್ಲಿ ಒಂದು ನಿರ್ದಿಷ್ಟ ಹಾಡು ಹತ್ತು ರಾತ್ರಿಗಳವರೆಗೆ ಬಾರದಿರುವ ಸಂಭವವು ನೂರಕ್ಕೆ ಐದೂವರೆಯಿಂದ ಆರರೊಳಗೆ ಇರುವುದು. ಸಣ್ಣ ಸಂಭವವೆಂದು ತೋರಿದರೂ, ಹಾಡುಗಳು ೪೦ ಇರುವುದರಿಂದ ಯಾವ ಹತ್ತು ರಾತ್ರಿಗಳನ್ನು ತೆಗೆದುಕೊಂಡರೂ ಅಂಥವು ಸರಾಸರಿ ಎರಡಾದರೂ ಇದ್ದೇ ಇರುತ್ತವೆ. ಹತ್ತು ರಾತ್ರಿ ಕೇಳಿ, ಎರಡು ಹಾಡುಗಳು ಬರಲಿಲ್ಲವೆಂದು ಕಂಡು, ‘ಇವು ನಶಿಸುತ್ತಿವೆ’ ಎಂದು ಬರೆದುಬಿಡುವ ಸಂಶೋಧಕನು ಆಕಸ್ಮಿಕವನ್ನೇ ಇತಿಹಾಸವೆಂದು ಭ್ರಮಿಸಿದಂತಾಗುವುದು. ಅಳಿಯುತ್ತಿರುವ ಹಾಡುಗಳನ್ನು ಕುರಿತು ನಮ್ಮಲ್ಲಿ ಶೋಕಿಸುವವರು ಬಹುಮಂದಿ. ಆ ಶೋಕಕ್ಕೆ ಆಧಾರವೆಷ್ಟೆಂದು ಪರೀಕ್ಷಿಸಲು ಈ ಸಾಮಾನ್ಯ ಲೆಕ್ಕವು ಸಾಕಾದೀತು.

೩

ಇನ್ನು ಈ ಮಾರ್ಗದ ಮಿತಿಗಳನ್ನು ನೋಡಬೇಕು. ಮೊದಲನೆಯದು ಏಕಮಾನದ ಪ್ರಶ್ನೆ, ಎಂದರೆ ‘ಒಂದು ಹಾಡು’ ಎಂದರೆ ಏನು ಎಂಬುದು. ಗ್ರೇಟ್‌ಫುಲ್ ಡೆಡ್ ತಂಡದ ‘ಡಾರ್ಕ್ ಸ್ಟಾರ್’ ಎಂಬ ಹಾಡು ೧೯೬೮ರಲ್ಲಿ ಮುದ್ರಿಕೆಯಾಗಿ ಹೊರಬಂದಾಗ ಮೂರು ನಿಮಿಷಗಳಿಗಿಂತಲೂ ಚಿಕ್ಕದಾಗಿತ್ತು. ೧೯೬೯ರಲ್ಲಿ ಹೊರಬಂದ ಸಭಾಮುದ್ರಿಕೆಯಲ್ಲಿ ಅದೇ ಹಾಡು ೨೩ ನಿಮಿಷಗಳವರೆಗೆ ಬೆಳೆದಿದೆ. ಪಟ್ಟಿಯು ಎರಡನ್ನೂ ಒಂದೊಂದೆಂದೇ ಎಣಿಸುವುದು. ಯಾವುದು ಆ ಕಲೆಯ ಜೀವವೊ ಆ ವಿಸ್ತಾರವೇ ಎಣಿಕೆಯ ಬಲೆಯಿಂದ ಜಾರಿಹೋಗುವುದು. ಆದಕಾರಣ ಅಲ್ಲಿಯ ಪಟ್ಟಿಕಾರರು ಕಾಲಪ್ರಮಾಣವನ್ನೂ ಬರೆಯತೊಡಗಿದರು. ಅಷ್ಟೇ ಅಲ್ಲ, ಒಂದು ಹಾಡು ನಿಲ್ಲದೆ ಮತ್ತೊಂದಕ್ಕೆ ಹರಿದ ಕಡೆ ಬಾಣದ ಗುರುತನ್ನಿಟ್ಟರು. ಆ ಬಾಣವು ನೋಡಲು ಸಣ್ಣದು. ವಿಮರ್ಶೆಯ ದೃಷ್ಟಿಯಿಂದ ಅದು ಅಂಕಿಗಳಿಗಿಂತಲೂ ಹಿರಿದು. ಹಾಡುಗಳ ನಡುವಣ ಸಂಧಿಯೂ ಕೃತಿಯ ಅಂಗವೆಂಬ ತಿಳಿವಳಿಕೆಯು ಅದರಲ್ಲಿದೆ.

ಏಕಮಾನದ ಈ ತೊಡಕನ್ನು ಕೆಲವು ಸಂಪ್ರದಾಯಗಳು ತಾವೇ ಬಿಡಿಸಿಕೊಂಡಿವೆ. ದಕ್ಷಿಣ ಕರ್ಣಾಟಕದ ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರು ‘ಸಾಲು’ಗಳಾಗಿ ಒಡೆದು ಹಾಡುವರು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಅವಕ್ಕೆ ಹೆಸರುಗಳುಂಟು. ಇಲ್ಲಿ ಎಣಿಸುವವನು ತನ್ನ ಅಳತೆಯನ್ನು ಹೊರಗಿನಿಂದ ತರಬೇಕಾಗಿಲ್ಲ. ಹಾಡುವವರೇ ಕೊಟ್ಟ ಅಳತೆಯಿರುವಾಗ ಸಂಶೋಧಕನು ಬೇರೊಂದನ್ನು ಹೇರುವುದು ಅನುಚಿತ.

ಎರಡನೆಯ ಮಿತಿಯು ಆವೃತ್ತಿಗೂ ಮೇಲ್ಮೆಗೂ ಇರುವ ಭೇದಕ್ಕೆ ಸಂಬಂಧಿಸಿದುದು. ಹೆಚ್ಚು ಸಲ ಹಾಡಿದ್ದೆಲ್ಲ ಹೆಚ್ಚಿನದಲ್ಲ. ಚಿತ್ರದುರ್ಗದವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ತ. ರಾ. ಸುಬ್ಬರಾಯರ ‘ಹಂಸಗೀತೆ’ಯ ನಾಯಕನು ಆ ದುರ್ಗದ ಗಾಯಕನಾದ ಭೈರವಿ ವೆಂಕಟಸುಬ್ಬಯ್ಯ. ರಾಗವೇ ಹೆಸರಿನ ಮೊದಲ ಭಾಗವಾಗಿಬಿಟ್ಟಿದೆ. ಇಂತಹ ಬಿರುದು ಸಂಖ್ಯಾಶಾಸ್ತ್ರಕ್ಕೆ ಮೊದಲೇ ಹುಟ್ಟಿದ ಒಂದು ಬಗೆಯ ಸಂಖ್ಯಾಶಾಸ್ತ್ರವೆನ್ನಬಹುದು. ಶ್ರೋತೃಸಮುದಾಯವು ಎಷ್ಟೋ ರಾತ್ರಿಗಳ ಅನುಭವವನ್ನು ಒಂದು ಶಬ್ದಕ್ಕೆ ಇಳಿಸಿದೆ. ಆದರೆ ಆ ಶಬ್ದದ ಅರ್ಥವು ‘ಭೈರವಿಯನ್ನು ಹೆಚ್ಚು ಸಲ ಹಾಡಿದವನು’ ಎಂದಲ್ಲ; ‘ಭೈರವಿಯನ್ನು ಹಾಡಿದರೆ ಇವನೇ ಹಾಡಬೇಕು’ ಎಂದು. ಜನರು ಎಣಿಸಲಿಲ್ಲ, ತೂಗಿದರು. ಅಂಕಿಯು ಮೊದಲನೆಯ ಅರ್ಥವನ್ನು ಮಾತ್ರ ಬಲ್ಲದು. ವರ್ಷಕ್ಕೊಮ್ಮೆ ಮಾತ್ರ ಹಾಡಿ, ಕೇಳಿದವರು ವರ್ಷವೆಲ್ಲ ನೆನೆಯುವ ಹಾಡೊಂದಿದ್ದರೆ, ಆವೃತ್ತಿಯ ಪಟ್ಟಿಯಲ್ಲಿ ಅದರ ಸ್ಥಾನವು ಎಲ್ಲಕ್ಕಿಂತ ಕೆಳಗೆ. ಅಂತಹ ಕಡೆ ಅಂತರದ ಎಣಿಕೆಯು ಸ್ವಲ್ಪ ಸಹಾಯಕ್ಕೆ ಬಂದೀತು. ಅಪರೂಪವೂ ಕ್ರಮಬದ್ಧವೂ ಆದ ಅಂತರವು ಮರೆವಿನ ಗುರುತಲ್ಲ, ಕಾಯ್ದಿರಿಸಿದ್ದರ ಗುರುತು.

೪

ಈಗ ಚಿತ್ರದುರ್ಗ ಸೀಮೆಯ ಹಾಡಿಕೆಗಳಿಗೆ ಈ ಮಾರ್ಗವನ್ನು ಅನ್ವಯಿಸಿ ನೋಡೋಣ. ಅಮೆರಿಕದ ತಂಡಗಳ ಹಾಡುಗಳು ಒಂದಕ್ಕೊಂದು ಕಥೆಯ ಸಂಬಂಧವಿಲ್ಲದವು. ಅವುಗಳನ್ನು ಹಾಡಲು ಇಂಥದೇ ಆಚರಣೆ ಬೇಕೆಂಬ ನಿಯಮವಿಲ್ಲ. ನಮ್ಮಲ್ಲಿ ಈ ಎರಡು ಬಂಧನಗಳೂ ಉಂಟು. ಆದುದರಿಂದ ಹಾಡಿಕೆಗಳನ್ನು ಕಥಾಬದ್ಧ, ಆಚರಣಬದ್ಧ, ಅಬದ್ಧ ಎಂದು ಮೂರಾಗಿ ವಿಂಗಡಿಸದೆ ಎಣಿಕೆಗೆ ತೊಡಗಿದರೆ ಅನರ್ಥವೇ ಫಲ.

ಕಥಾಬದ್ಧವಾದುದಕ್ಕೆ ಕಾಡುಗೊಲ್ಲರ ಜುಂಜಪ್ಪನ ಕಾವ್ಯವು ಉತ್ತಮ ನಿದರ್ಶನ. ಕಾಡುಗೊಲ್ಲರ ಹಟ್ಟಿಗಳು ಹಿರಿಯೂರು, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳಲ್ಲಿಯೂ ನೆರೆಯ ಚಳ್ಳಕೆರೆ, ಶಿರಾ ಸೀಮೆಗಳಲ್ಲಿಯೂ ಹರಡಿವೆ. ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲನ್ನು ಊದುತ್ತ, ನಡುನಡುವೆ ಹಾಡುತ್ತ ಈ ಪಶುಪಾಲಕ ವೀರನ ಚರಿತ್ರೆಯನ್ನು ರಾತ್ರಿಯಲ್ಲಿ ನಡೆಸುವರು. ಇದರ ನಕ್ಷೆಯನ್ನು ಬರೆದು ಸಾಂಗತ್ಯವನ್ನು ಎಣಿಸಿದರೆ, ಹುಟ್ಟಿನ ಭಾಗದ ಹಿಂದೆ ಬಾಲ್ಯವೂ, ಬಾಲ್ಯದ ಹಿಂದೆ ಸೋದರಮಾವಂದಿರ ಹಗೆಯೂ ಬರುವುದೆಂದು ತಿಳಿಯುವುದು. ಇದು ಶೋಧನೆಯಲ್ಲ; ಹುಟ್ಟದವನು ಹಗೆಯನ್ನು ಎದುರಿಸಲಾರನಷ್ಟೆ. ಕಥೆಯ ಅನಿವಾರ್ಯತೆಯನ್ನು ಗಾಯಕನ ಅಭ್ಯಾಸವೆಂದು ಎಣಿಸಿ ಹಿಗ್ಗುವುದರಿಂದ ಪ್ರಯೋಜನವಿಲ್ಲ. ಇಲ್ಲಿ ಎಣಿಸಬೇಕಾದುದು ಲೋಪವನ್ನೂ ವಿಸ್ತಾರವನ್ನೂ. ಯಾವ ಭಾಗವನ್ನು ಬಿಟ್ಟನು? ಯಾವುದನ್ನು ಒಂದು ರಾತ್ರಿ ಅರ್ಧ ಗಳಿಗೆಯಲ್ಲಿ ಮುಗಿಸಿ, ಇನ್ನೊಂದು ರಾತ್ರಿ ಬೆಳಗಿನವರೆಗೆ ಎಳೆದನು? ಗಣೆಯ ನಾದವು ಯಾವ ಸಂಧಿಗಳಲ್ಲಿ ದೀರ್ಘವಾಯಿತು? ಕ್ರಮವು ಕಥೆಗೆ ಸೇರಿದುದಾದರೆ, ಲೋಪವಿಸ್ತಾರಗಳು ಗಾಯಕನಿಗೆ ಸೇರಿದುವು. ಅವನ ಕವಿತ್ವವು ಅಡಗಿರುವುದು ಅಲ್ಲಿಯೇ.

ಆಚರಣಬದ್ಧವಾದುವು ಸೋಬಾನೆಯೇ ಮೊದಲಾದ ಹೆಂಗಸರ ಹಾಡುಗಳು. ಮದುವೆಯಲ್ಲಿ ಅರಿಶಿನದ ಹಾಡು ಧಾರೆಗೆ ಮೊದಲು ಬರುವುದೂ, ಹೆಣ್ಣೊಪ್ಪಿಸುವ ಹಾಡು ಕಡೆಯಲ್ಲಿ ಬರುವುದೂ ಶಾಸ್ತ್ರದ ಕ್ರಮದಿಂದ. ಇಲ್ಲಿ ಸ್ಥಾನವನ್ನು ಎಣಿಸಿದರೆ ಪಂಚಾಂಗವನ್ನು ಪುನಃ ಬರೆದಂತಾಗುವುದು. ಆದರೆ ಒಂದು ಶಾಸ್ತ್ರಕ್ಕೆ ಸಲ್ಲುವ ಹಾಡುಗಳು ಹತ್ತಾರು ಇರುವಾಗ ಅವುಗಳೊಳಗೆ ಯಾವುದನ್ನು ಎತ್ತಿಕೊಂಡರೆಂಬುದು ಆಯ್ಕೆ; ಶಾಸ್ತ್ರವು ತಡವಾಗಿ ಹಾಡು ಮುಗಿದುಹೋದಾಗ ಯಾವುದರಿಂದ ತೆರಪನ್ನು ತುಂಬಿದರೆಂಬುದು ಇನ್ನೂ ಹೆಚ್ಚಿನ ಆಯ್ಕೆ. ಪ್ರತಿಭೆಯನ್ನು ಹುಡುಕಬೇಕಾದುದು ಈ ತೆರಪುಗಳಲ್ಲಿ.

ಅಬದ್ಧವಾದುದಕ್ಕೆ ಭಜನೆಯನ್ನು ಹೇಳಬಹುದು. ಮೊದಲಲ್ಲಿ ಗಣಪತಿಯ ಸ್ತುತಿ, ಕಡೆಯಲ್ಲಿ ಮಂಗಳ. ನಡುವೆ ದಾಸರ ಪದವೂ, ಶಿವಶರಣರ ವಚನವೂ, ಶಿಶುನಾಳ ಷರೀಫರ ತತ್ತ್ವಪದವೂ ಯಾವ ಕ್ರಮದಲ್ಲಾದರೂ ಬರಬಹುದು. ಜ್ಯಾಮ್ ಬ್ಯಾಂಡಿನ ಪಟ್ಟಿಗೆ ನಮ್ಮ ನಾಡಿನಲ್ಲಿ ಅತ್ಯಂತ ಹತ್ತಿರವಾದುದು ಇದೇ. ಹೊಳಲ್ಕೆರೆಯ ಸೀಮೆಯ ಒಂದು ಊರಿನ ಭಜನೆಯ ಪಟ್ಟಿಯನ್ನು ಒಂದು ವರ್ಷ ತಪ್ಪದೆ ಬರೆದಿಟ್ಟರೆ ನಾಲ್ಕು ಬಗೆಯ ಎಣಿಕೆಗಳೂ ಅಲ್ಲಿ ಸಾರ್ಥಕವಾಗುವುವು. ವಚನದ ಬೆನ್ನಿಗೆ ದಾಸರ ಪದವು ಎಷ್ಟುಸಲ ಬರುವುದೆಂಬ ಒಂದು ಪ್ರಶ್ನೆಯೇ ಆ ಊರಿನ ಧರ್ಮಸಮನ್ವಯದ ವಿಷಯದಲ್ಲಿ ಎಷ್ಟೋ ಉಪನ್ಯಾಸಗಳು ಹೇಳದ ಸಂಗತಿಯನ್ನು ಹೇಳೀತು.

ಈ ಸೀಮೆಯಲ್ಲಿಯೇ ಎಣಿಕೆಗೆ ಅವಕಾಶವಿಲ್ಲದ ಪಟ್ಟಿಯೂ ಒಂದುಂಟು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ‘ಶಿವಸಂಚಾರ’ವು ೧೯೯೭ರಿಂದ ವರ್ಷವರ್ಷವೂ ಮೂರು ನಾಟಕಗಳನ್ನು ಸಿದ್ಧಪಡಿಸಿ ಊರೂರಿಗೆ ಕೊಂಡೊಯ್ಯುತ್ತಿದೆ. ಮೂರು ನಾಟಕಗಳನ್ನು ಜೋಡಿಸುವ ಕ್ರಮಗಳು ಒಟ್ಟು ಆರೇ. ಒಂದು ಸಂಚಾರದೊಳಗೆ ಅನುಕ್ರಮವನ್ನು ಎಣಿಸಿ ನಟರ ಅಭಿರುಚಿಯನ್ನು ತಿಳಿಯುತ್ತೇನೆಂಬುದು ವ್ಯರ್ಥಸಾಹಸ. ಅಲ್ಲಿ ನಕ್ಷೆಗೆ ತಕ್ಕ ಏಕಮಾನವು ರಾತ್ರಿಯಲ್ಲ, ವರ್ಷ. ವರ್ಷವರ್ಷದ ಮೂರು ಹೆಸರುಗಳನ್ನು ಸಾಲಾಗಿ ಬರೆದರೆ ಒಂದು ಸಂಸ್ಥೆಯ ರಂಗದೃಷ್ಟಿಯು ನಡೆದುಬಂದ ದಾರಿ ಕಾಣುವುದು. ಯಾವುದನ್ನು ಎಣಿಸಬೇಕೆಂಬುದರ ಜೊತೆಗೆ, ಯಾವ ಅಳತೆಯ ಕಾಲದಲ್ಲಿ ಎಣಿಸಬೇಕೆಂಬುದನ್ನೂ ವಸ್ತುವೇ ಗೊತ್ತುಮಾಡುವುದೆಂಬುದಕ್ಕೆ ಇದು ಸಾಕ್ಷಿ.

೫

ಮೇಲೆ ಹೇಳಿದ ಎಲ್ಲಕ್ಕೂ ಒಂದು ಸಾಮಗ್ರಿ ಬೇಕು: ರಾತ್ರಿಯ ಪಟ್ಟಿ. ನಮ್ಮ ಸಂಕಲನಗಳ ಕಡೆಗೆ ತಿರುಗಿದರೆ ಅಲ್ಲಿ ಕಾಣದಿರುವುದು ಅದೇ. ಫ್ಲೀಟ್ ಮಹಾಶಯನು ೧೮೮೫ರಿಂದ ಮುಂದೆ ಕನ್ನಡ ಲಾವಣಿಗಳನ್ನು ಪ್ರಕಟಿಸಿದಾಗ ಬಿಡಿ ಹಾಡೇ ಅವನಿಗೆ ವಸ್ತುವಾಗಿತ್ತು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದು ಕನ್ನಡ ಸಾಹಿತ್ಯಕ್ಕೆ ಮಾಡಿದ ಉಪಕಾರವನ್ನು ಎಷ್ಟು ಹೊಗಳಿದರೂ ತೀರದು. ತ್ರಿಪದಿಯ ಸೌಂದರ್ಯಕ್ಕೆ ವಿದ್ಯಾವಂತರ ಕಣ್ಣು ತೆರೆದುದು ಅದರಿಂದಲೇ. ಆದರೆ ಅಲ್ಲಿಯ ವಿಂಗಡಣೆಯು ವಿಷಯಾನುಸಾರವಾದುದು. ತವರಿನ ಪದಗಳು ಒಂದು ಕಡೆ, ಕೂಸಿನ ಪದಗಳು ಒಂದು ಕಡೆ. ಮುಂದಿನ ಸಂಪಾದಕರಲ್ಲಿ ಅನೇಕರು ಇದೇ ಮಾದರಿಯನ್ನು ಅನುಸರಿಸಿದರು. ಓದುವವರಿಗೆ ಇದು ಅನುಕೂಲವೇ ಸರಿ. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸು ತವರಿನ ಪದದಿಂದ ಕೂಸಿನ ಪದಕ್ಕೆ, ಅಲ್ಲಿಂದ ದೇವರಿಗೆ, ದೇವರಿಂದ ಮತ್ತೆ ಅಣ್ಣನಿಗೆ ಹೊರಳಿದ ದಾರಿ ಈ ವಿಂಗಡಣೆಯಲ್ಲಿ ಅಳಿಸಿಹೋಯಿತು. ಮೂರು ಸಾಲಿನ ಬಿಡಿಪದಗಳನ್ನು ಆಕೆಯು ಪರಂಪರೆಯಿಂದ ಪಡೆದಿರಬಹುದು. ಅವುಗಳನ್ನು ಪೋಣಿಸಿದ ದಾರವು ಆಕೆಯದು. ದಾರವನ್ನು ಎಳೆದು ಮುತ್ತುಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿದಮೇಲೆ, ‘ಈ ಹಾಡುಗಳಿಗೆ ಕರ್ತೃವಿಲ್ಲ’ ಎಂದು ನಾವೇ ಸಿದ್ಧಾಂತ ಮಾಡಿದೆವು.

ಇದು ಕೇವಲ ಕ್ರಮದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯು ಅಕ್ಷರವನ್ನರಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಗಾಯಕಿ. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳನ್ನು ಸಂಗ್ರಹಿಸಿ ಆಕೆಯ ಹೆಸರಿನೊಡನೆಯೇ ವಿದ್ವಲ್ಲೋಕದ ಮುಂದಿಟ್ಟುದು, ಹೆಸರಿಲ್ಲದ ‘ಗರತಿ’ಯಿಂದ ಹೆಸರುಳ್ಳ ಕವಯಿತ್ರಿಯ ಕಡೆಗೆ ಇಟ್ಟ ದೊಡ್ಡ ಹೆಜ್ಜೆ. ಇನ್ನು ಉಳಿದಿರುವ ಹೆಜ್ಜೆಯೆಂದರೆ, ಅಂತಹ ಗಾಯಕಿಯ ನೆನಪಿನ ಪ್ರಮಾಣವನ್ನು ಕೊಂಡಾಡುವಷ್ಟರಲ್ಲಿ ನಿಲ್ಲದೆ ಆಕೆಯ ವಿವೇಚನೆಯನ್ನು ಗುರುತಿಸುವುದು. ಸಾವಿರ ಪದಗಳು ಬರುತ್ತವೆಂಬುದು ಭಂಡಾರದ ಹೊಗಳಿಕೆ. ಸಾವಿರದಲ್ಲಿ ಈ ಹೊತ್ತಿಗೆ ಈ ಪದವನ್ನೇ ತೆಗೆದಳೆಂಬುದು ಭಂಡಾರಿಯ ಹೊಗಳಿಕೆ. ಅಮೆರಿಕದ ಶ್ರೋತೃಗಳು ತಮ್ಮ ವಾದ್ಯಗಾರರಿಗೆ ಸಲ್ಲಿಸಿರುವುದು ಈ ಎರಡನೆಯ ಗೌರವವನ್ನು. ನಮ್ಮ ಹಟ್ಟಿಗಳ ಗಾಯಕರಿಗೆ ಅದನ್ನು ಸಲ್ಲಿಸಬೇಕಾದುದು ನಮ್ಮ ಕರ್ತವ್ಯ.

ಮೌಖಿಕ ಕಾವ್ಯದ ಸಂಶೋಧನೆಯಲ್ಲಿ ಸಂಖ್ಯೆಗೆ ಹಿರಿಯ ಸ್ಥಾನವಿದೆಯೆಂಬುದನ್ನು ಬಲ್ಲೆವು. ಮಿಲ್‌ಮನ್ ಪ್ಯಾರಿಯು ೧೯೨೮ರಲ್ಲಿ ಹೋಮರನ ಸಿದ್ಧಪದಗಳನ್ನು ಎಣಿಸಿ ತನ್ನ ವಾದವನ್ನು ಕಟ್ಟಿದನು. ೧೯೩೩ರಿಂದ ೧೯೩೫ರವರೆಗೆ ಯುಗೋಸ್ಲಾವಿಯದಲ್ಲಿ ಹಾಡುಗಳನ್ನು ಮುದ್ರಿಸಿಕೊಂಡನು. ಅಲ್ಲಿ ಅವ್ದೊ ಮೆಜೆದೊವಿಚ್ ಎಂಬ ಗಾಯಕನಿಂದ ದೊರೆತ ಒಂದು ಕಾವ್ಯವು ೧೨,೦೦೦ ಸಾಲುಗಳನ್ನು ಮೀರುವುದು. ನಮ್ಮ ತುಳುನಾಡಿನ ಗೋಪಾಲ ನಾಯ್ಕರು ೧೯೯೦ರ ಡಿಸೆಂಬರಿನಲ್ಲಿ ಹಾಡಿದ ಸಿರಿಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರು ಚಿನ್ನಪ್ಪಗೌಡ, ವಿವೇಕ ರೈ ಮೊದಲಾದವರೊಡಗೂಡಿ ೧೯೯೮ರಲ್ಲಿ ಪ್ರಕಟಿಸಿದರು. ಅದರಲ್ಲಿ ೧೫,೬೮೩ ಸಾಲುಗಳಿವೆ. ಈ ಸಂಖ್ಯೆಗಳು ಮನಸ್ಸನ್ನು ಬೆರಗುಗೊಳಿಸುವುವು. ಆದರೆ ಇವು ಸಂಗ್ರಾಹಕರ ಮುಂದೆ ಪೂರ್ಣತೆಗಾಗಿ ಹಾಡಿದ ಕಾವ್ಯದ ಅಳತೆಗಳು. ಗದ್ದೆಯಲ್ಲಿಯೊ ಜಾತ್ರೆಯಲ್ಲಿಯೊ ಹ್ರಸ್ವವಾಗಿ, ಸಂದರ್ಭಕ್ಕೆ ತಕ್ಕಂತೆ ಹಾಡುವಾಗಿನ ಆಯ್ಕೆಯನ್ನು ಅವು ತೋರಿಸಲಾರವು. ಹೋಂಕೊ ಅವರ ಹಿರಿಮೆಯೆಂದರೆ, ಗಾಯಕನ ಮನಸ್ಸಿನಲ್ಲಿರುವ ಕಾವ್ಯವು ಬೇರೆ, ಒಂದು ಸಂದರ್ಭದಲ್ಲಿ ಅದು ತಾಳುವ ರೂಪವು ಬೇರೆ ಎಂಬ ಭೇದವನ್ನು ಅವರು ಬಿಡಿಸಿ ತೋರಿಸಿರುವುದು. ಪೂರ್ಣಪಾಠವು ಒಂದು ಅಂಚು. ರಾತ್ರಿರಾತ್ರಿಯ ಪಟ್ಟಿಗಳು ಮತ್ತೊಂದು ಅಂಚು. ಎರಡೂ ಕೈಯಲ್ಲಿದ್ದರೆ ಮಾತ್ರ, ಏನನ್ನು ಬಲ್ಲವನು ಏನನ್ನು ಆರಿಸಿಕೊಂಡನೆಂಬುದು ತಿಳಿಯುವುದು.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಹಾಡಿನ ಪಾಠದೊಡನೆ ಈ ಅಂಶಗಳನ್ನೂ ತಪ್ಪದೆ ಬರೆದಿಡತಕ್ಕದ್ದೆಂದು ಸೂಚಿಸಬಹುದು: ಊರು, ತಿಥಿ, ಸಂದರ್ಭ, ಮುಮ್ಮೇಳ ಹಿಮ್ಮೇಳದವರು ಯಾರಾರೆಂಬುದು, ಹಾಡಿದ ಕ್ರಮ, ಪ್ರತಿಯೊಂದು ಹಾಡಿಗೆ ಹಿಡಿದ ಹೊತ್ತು, ಹಾಡು ನಿಂತಿತೊ, ಅಥವಾ ನಿಲ್ಲದೆ ಮುಂದಿನದಕ್ಕೆ ಹರಿಯಿತೊ ಎಂಬುದು, ಕೇಳುವವರು ಬೇಡಿ ಹಾಡಿಸಿದುದು ಯಾವುದು, ತಾನಾಗಿ ಬಂದುದು ಯಾವುದು ಎಂಬುದು, ನಡುವೆ ತಡೆಯುಂಟಾಗಿದ್ದರೆ ಅದರ ಕಾರಣ. ಈ ಕೆಲಸಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಒಂದು ದಿನಚರಿ ಪುಸ್ತಕವೂ ಒಂದು ಗಡಿಯಾರವೂ ಸಾಕು. ಹಾಡುವವರ ಒಪ್ಪಿಗೆಯು ಮಾತ್ರ ಅತ್ಯಾವಶ್ಯಕ. ಹೊರಗಿನವರ ಮುಂದೆ ಹಾಡಲಾಗದೆಂದು ಅವರು ಹೇಳುವ ಹಾಡುಗಳನ್ನು ಎಣಿಕೆಯ ನೆಪದಿಂದ ಕಿತ್ತುಕೊಳ್ಳುವುದು ವಿದ್ಯೆಯಲ್ಲ. ಇನ್ನು, ಎರಡು ಮೂರು ರಾತ್ರಿಗಳ ಪಟ್ಟಿಯನ್ನು ಹಿಡಿದು ನಕ್ಷೆಯನ್ನು ಬರೆಯುವ ಆತುರವೂ ಕೂಡದು. ಆಕಸ್ಮಿಕದ ಆಟವು ಹೇಗೆ ದಾರಿತಪ್ಪಿಸುವುದೆಂಬುದನ್ನು ಮೇಲಿನ ಉದಾಹರಣೆಯಲ್ಲಿ ಕಂಡೆವಷ್ಟೆ.

೬

ಈ ವಿಚಾರಕ್ಕೆ ಎರಡು ಕಡೆಯಿಂದ ಆಕ್ಷೇಪ ಬರಬಹುದು. ಅಂಕಿಗಳಿಂದ ರಸವು ಕೆಡುವುದೆಂದು ಒಂದು ಪಕ್ಷ. ರಸವು ಕೆಡುವುದು ಅಂಕಿಗಳನ್ನೇ ರಸವೆಂದು ಭಾವಿಸಿದಾಗ. ಮಾತ್ರೆಗಳನ್ನು ಎಣಿಸಿದ ಮಾತ್ರಕ್ಕೆ ಕುಮಾರವ್ಯಾಸನ ಷಟ್ಪದಿಯ ಓಟವು ಕುಂದಿಲ್ಲ. ಅಂಕಿಗಳಿದ್ದಮೇಲೆ ಅಭಿಪ್ರಾಯವೇಕೆ ಎಂಬುದು ಮತ್ತೊಂದು ಪಕ್ಷ. ಒಂದು ಹಾಡಿನ ಹಿಂದೆ ಮತ್ತೊಂದು ನೂರಕ್ಕೆ ಎಂಬತ್ತು ಸಲ ಬರುವುದೆಂದು ತಿಳಿದರೂ, ಆ ಜೋಡಿಯು ಗಂಟಲಿನ ಅನುಕೂಲದಿಂದ ಬಂದಿತೊ, ಅರ್ಥದ ಸೆಳೆತದಿಂದ ಬಂದಿತೊ, ಗುರುವು ಹಾಗೆ ಕಲಿಸಿದ್ದರಿಂದ ಬಂದಿತೊ ಎಂಬುದನ್ನು ಅಂಕಿಯು ಹೇಳಲಾರದು. ಅದನ್ನು ಹೇಳಬೇಕಾದವರು ಹಾಡುವವರೂ, ಕಿವಿಗೊಟ್ಟು ಕೇಳಿದ ವಿಮರ್ಶಕರೂ. ಉಳಿದ ಇಪ್ಪತ್ತು ಸಲ ಆ ಜೋಡಿಯು ಏಕೆ ಒಡೆಯಿತೆಂಬ ಪ್ರಶ್ನೆಯಾದರೊ ಇನ್ನೂ ಸ್ವಾರಸ್ಯವಾದುದು. ಎಂಬತ್ತು ಸಲದ ಅಭ್ಯಾಸವು ಗೊತ್ತಿದ್ದವನಿಗೆ ಮಾತ್ರ ಆ ಇಪ್ಪತ್ತು ರಾತ್ರಿಗಳ ವಿಶೇಷವು ಕಣ್ಣಿಗೆ ಬೀಳುವುದು. ಅಲ್ಲಿ ಯಾವುದೋ ಒಂದು ಕಾರಣ ಒದಗಿ ಗಾಯಕನು ಬಳಕೆಯ ದಾರಿಯನ್ನು ಬಿಟ್ಟು ನಡೆದಿರುವನು.

ಸಂಖ್ಯಾಶಾಸ್ತ್ರದಿಂದ ಸಾಹಿತ್ಯವಿಮರ್ಶೆಗೆ ಆಗತಕ್ಕ ಉಪಕಾರವು ಇಷ್ಟೆ, ಮತ್ತು ಇದು ಸಣ್ಣದಲ್ಲ. ಯಾವುದು ಕಟ್ಟಳೆ, ಯಾವುದು ಆಕಸ್ಮಿಕ ಎಂಬುದನ್ನು ಅದು ಬೇರ್ಪಡಿಸಿಕೊಡುತ್ತದೆ. ಅವೆರಡನ್ನೂ ಕಳೆದಮೇಲೆ ಉಳಿಯುವುದು ಗಾಯಕನ ಇಚ್ಛೆ. ಆ ಉಳಿಕೆಯ ಮುಂದೆ ಗಣಿತವು ನಿಲ್ಲುವುದು, ವಿಮರ್ಶೆಯು ತೊಡಗುವುದು. ಇಲ್ಲಿಯವರೆಗೆ ನಮ್ಮ ಜಾನಪದ ವಿಮರ್ಶೆಯು ಆ ಉಳಿಕೆಯನ್ನು ತಲುಪುವ ದಾರಿಯನ್ನು ಸಂಕಲನಗಳ ವಿಷಯಸೂಚಿಗಳಲ್ಲಿ ಹುಡುಕುತ್ತಿದೆ. ಅದು ದೊರೆಯಬೇಕಾದುದು ಯಾವ ಹಾಡಿನ ಬೆನ್ನಿಗೆ ಯಾವ ಹಾಡು ಬಂದಿತೆಂದು ಬರೆದಿಟ್ಟ ಸಾಮಾನ್ಯ ಪಟ್ಟಿಗಳಲ್ಲಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರುಗಳ ಹಾಡಿಕೆಗೆ ಇಂತಹ ಪಟ್ಟಿಯನ್ನು ಬರೆಯಲು ಮೊದಲುಮಾಡಿದರೆ, ಮುಂದಿನ ತಲೆಮಾರಿನ ವಿಮರ್ಶಕರು ಕರ್ತೃವಿಲ್ಲದ ಕಾವ್ಯವೆಂಬ ಮಾತನ್ನು ಇಷ್ಟು ಸುಲಭವಾಗಿ ಆಡಲಾರರು.